ಫೋನಿನಲ್ಲೇ ಔಷಧಿ ಅಂಗಡಿ: ಗಿರಾಕಿ ಜೊತೆ ಮಾತಾಡುವುದನ್ನು ಕಲಿಸುವುದು ಹೇಗೆ, ಅಂಕ ಕೊಡುವುದು ಹೇಗೆ

ನಮ್ಮ ದೊಡ್ಡಾಯಿಗೆ ಮೊದಲಿಂದಲೂ ಉಬ್ಬಸ. ಒಂದು ಮಳೆಗಾಲದಲ್ಲಿ ಡಾಕ್ಟರು, ಕ್ಯಾಪ್ಸೂಲಿನೊಳಗಿನ ಪುಡಿಯನ್ನು ಉಸಿರಲ್ಲಿ ಎಳೆದುಕೊಳ್ಳುವ ರೋಟಾಹೇಲರ್ ಬರೆದುಕೊಟ್ಟರು. ಪೇಟೆಯ ಒಂದು ಔಷಧಿ ಅಂಗಡಿಯಲ್ಲಿ ಆ ಪ್ಲಾಸ್ಟಿಕ್ ಸಾಧನವನ್ನೂ ಕ್ಯಾಪ್ಸೂಲ್ ಡಬ್ಬಿಯನ್ನೂ ಕೊಟ್ಟು, ‘ದಿನಾ ಎರಡು ಹೊತ್ತು ಒಂದೊಂದು ತಗೊಳ್ಳಿ’ ಅಂದರು. ದೊಡ್ಡಾಯಿ ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು, ಬಿಸಿನೀರಿನ ಜೊತೆ ನುಂಗಿದರು. ಒಂದೂವರೆ ತಿಂಗಳ ನಂತರ ನಾನು ಹೋದಾಗ ಸಾಧನ ಇನ್ನೂ ಕವರಿನಲ್ಲೇ ಇತ್ತು, ದೇವರ ಗೂಡಿನ ಪಕ್ಕ, ಭದ್ರವಾಗಿ. ಪುಪ್ಪುಸಕ್ಕೆ ಹೋಗಬೇಕಾದ ಪುಡಿ ಹೊಟ್ಟೆಗೆ ಹೋಗುತ್ತಿತ್ತು, ಉಬ್ಬಸ ಇದ್ದಹಾಗೇ ಇತ್ತು.

ಅಂಗಡಿಯವರು ಹೇಳಿದ್ದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಕ್ಯಾಪ್ಸೂಲ್ ಅಂದರೆ ನುಂಗುವುದು ಅಂತ ದೊಡ್ಡಾಯಿ ತಿಳಿದದ್ದೂ ಸಹಜ. ಆದರೆ ‘ಇದನ್ನ ಹೇಗೆ ತಗೊಳ್ತೀರಿ, ಒಂದ್ಸಲ ಹೇಳಿ ನೋಡೋಣ’ ಅಂತ ಯಾರೂ ಕೇಳಲಿಲ್ಲ.

ನಾನು ಶಿರಸಿ ಕಡೆ ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಮಕ್ಕಳಿಗೆ ಪಾಠ ಮಾಡುವವಳು. ಅವತ್ತಿನಿಂದ ನನ್ನ ಪಾಠದ ರೀತಿ ಬದಲಾಯಿತು. ಔಷಧಿ ಅಂಗಡಿಯಲ್ಲಿ ನಿಲ್ಲುವವರಿಗೆ ಗಿರಾಕಿ ಜೊತೆ ಮಾತಾಡುವುದನ್ನು ಹೇಗೆ ಕಲಿಸಬೇಕು, ಅದಕ್ಕೆ ಅಂಕ ಹೇಗೆ ಕೊಡಬೇಕು ಅಂತ ಕೆಲವು ವರ್ಷ ಮಾಡಿ ನೋಡಿ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನರ್ಸಿಂಗ್ ಕಲಿಸುವವರಿಗೆ, ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುವವರಿಗೆ, ಬ್ಯಾಂಕಿನ ಕೌಂಟರಿಗೆ ಹುಡುಗರನ್ನು ತಯಾರು ಮಾಡುವವರಿಗೂ ಇದು ಆಗುತ್ತದೆ. ಗಿರಾಕಿಯ ಪಾತ್ರ ಬರೆದಿಟ್ಟ ಕಾರ್ಡು ಬದಲಾಯಿಸಿದರೆ ಸಾಕು.

ಪಾತ್ರ ಮಾಡಿಸಿ ಕಲಿಸುವುದು ಹೊಸದಲ್ಲ. ಅಮೆರಿಕದ ಹೊವಾರ್ಡ್ ಬ್ಯಾರೋಸ್ ಅನ್ನುವ ಡಾಕ್ಟರು 1963ರಲ್ಲೇ ಆರೋಗ್ಯವಂತರಿಗೆ ತರಬೇತಿ ಕೊಟ್ಟು ರೋಗಿಯ ಪಾತ್ರ ಮಾಡಿಸಿ ವೈದ್ಯ ವಿದ್ಯಾರ್ಥಿಗಳನ್ನು ಪರೀಕ್ಷೆ ಮಾಡಿದರು. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಯವರು, ಒಂದೊಂದು ಮೇಜಿನ ಹತ್ತಿರ ಒಂದೊಂದು ಕೆಲಸ ಇಟ್ಟು ಎಲ್ಲ ವಿದ್ಯಾರ್ಥಿಗಳಿಗೂ ಅದದೇ ಕೆಲಸ, ಅದದೇ ಸಮಯ ಕೊಡುವ ಪರೀಕ್ಷೆಯ ಬಗ್ಗೆ ಬರೆದರು. ಈಗ ಅದನ್ನು ಆಸ್ಕಿ (OSCE) ಅನ್ನುತ್ತಾರೆ. ನಮ್ಮ ದೇಶದಲ್ಲೂ 2015ರ ಫಾರ್ಮಸಿ ಪ್ರ್ಯಾಕ್ಟೀಸ್ ನಿಯಮಾವಳಿಯ ಪ್ರಕಾರ ರೋಗಿಗೆ ತಿಳಿಸಿ ಹೇಳುವುದು ಫಾರ್ಮಸಿಸ್ಟರ ಕರ್ತವ್ಯ. 2020ರ ಡಿ.ಫಾರ್ಮ ಪಠ್ಯದಲ್ಲಿ ಸಮುದಾಯ ಫಾರ್ಮಸಿ ಅಂತ ವಿಷಯವೇ ಇದೆ, ಓದು ಮುಗಿದ ಮೇಲೆ 500 ಗಂಟೆಯ ಪ್ರಾಯೋಗಿಕ ತರಬೇತಿಯೂ ಇದೆ. ಆದರೆ ಸಂಜೆ ಆರೂವರೆಗೆ ಪೇಟೆಯ ಅಂಗಡಿಯಲ್ಲಿ ಎಂಟು ಜನ ಚೀಟಿ ಹಿಡಿದು ನಿಂತಿರುವಾಗ ಹುಡುಗನಿಗೆ ತಪ್ಪು ಮಾಡಿ ಕಲಿಯಲು ಜಾಗ ಎಲ್ಲಿದೆ? ನಿಜವಾದ ಗಿರಾಕಿ ಮೇಲೆ ತಪ್ಪು ಮಾಡುವುದೂ ಸರಿಯಲ್ಲ.

ಹಾಗಾಗಿ ಮೊದಲು ಸುಳ್ಳು ಗಿರಾಕಿ. ಅದೂ ಫೋನಿನಲ್ಲಿ. ನಮ್ಮ ಮಕ್ಕಳು ಒಬ್ಬರು ಸಿದ್ದಾಪುರದ ಒಳಗಿನ ಊರಿನವರು, ಒಬ್ಬರು ಅಂಕೋಲೆ, ಒಬ್ಬರು ಯಲ್ಲಾಪುರದ ಕಾಡಿನ ಅಂಚಿನವರು. ಜೋರು ಮಳೆಗೆ ಘಟ್ಟದಲ್ಲಿ ಮಣ್ಣು ಕುಸಿದರೆ ಬಸ್ಸು ನಿಲ್ಲುತ್ತದೆ, ಪಾಠ ನಿಲ್ಲಬಾರದಲ್ವಾ?

ಫೋನಿನಲ್ಲಿ ನಾಟಕ ಆಗುತ್ತಾ ಅಂತ ಕೇಳುವವರಿಗೆ ನಾನು ತಾಳಮದ್ದಳೆ ನೆನಪಿಸುತ್ತೇನೆ. ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು ಚಾಪೆ ಮೇಲೆ ಕೂತವರು ಮಾತಿನಲ್ಲೇ ಕೃಷ್ಣನೂ ಆಗುತ್ತಾರೆ, ಕೌರವನೂ ಆಗುತ್ತಾರೆ. ಪ್ರಸಂಗದ ಪದ್ಯ ಎಲ್ಲರಿಗೂ ಗೊತ್ತು, ಆದರೆ ಎದುರು ಕೂತ ಅರ್ಥಧಾರಿ ಏನು ಕೇಳುತ್ತಾನೆ ಅನ್ನುವುದು ಗೊತ್ತಿಲ್ಲ. ಬಾಯಿಪಾಠ ಮಾಡಿಕೊಂಡು ಬಂದವನು ಅಲ್ಲಿ ಎರಡನೇ ಮಾತಿಗೇ ಸಿಕ್ಕಿಬೀಳುತ್ತಾನೆ. ಔಷಧಿ ಕೌಂಟರ್ ಕೂಡ ಹಾಗೇ. ಔಷಧಿಯ ವಿಷಯ ಪದ್ಯದ ಹಾಗೆ, ಅದು ಪುಸ್ತಕದಲ್ಲಿದೆ. ಅರ್ಥ ಹೇಳುವುದು ಎದುರಿಗಿರುವವರನ್ನು ನೋಡಿ.

ಕಾರ್ಡು ಬರೆಯುವುದು

ಎಲ್ಲ ಕೆಲಸಕ್ಕಿಂತ ಜಾಸ್ತಿ ಹೊತ್ತು ಇದಕ್ಕೇ ಕೊಡಿ. ಗಿರಾಕಿ ಪಾತ್ರ ಮಾಡುವವರಿಗೆ ಒಂದು ಪುಟದ ಕಾರ್ಡು ಬೇಕು. ನಾನು ಬಳಸುವ ಒಂದನ್ನು ಪೂರ್ತಿ ಹೇಳುತ್ತೇನೆ.

ಗಿರಾಕಿಗೆ 45 ವರ್ಷ, ಸಿದ್ದಾಪುರ ಕಡೆಯವರು, ಅಡಿಕೆ ತೋಟದ ಕೆಲಸ. ತಿಂಗಳು ಜನವರಿ. ಮೊದಲ ಮಾತು ಹೀಗೇ ಇರಬೇಕು, ಒಂದಕ್ಷರ ಬದಲಾಗಬಾರದು: ‘ತಮಾ, ಜ್ವರಕ್ಕೊಂದು ಮಾತ್ರೆ ಕೊಡು, ಮೈಕೈ ನೋವಿಗೂ ಎಂತಾದ್ರೂ ಸೇರ್ಸು.’ ಅಷ್ಟು ಹೇಳಿ ಸುಮ್ಮನಾಗಬೇಕು. ಎಷ್ಟು ದಿನದಿಂದ ಅಂತ ಕೇಳಿದರೆ ಮಾತ್ರ, ‘ಮೂರು ದಿನ ಆತು’. ಎಲ್ಲಿಗಾದರೂ ಹೋಗಿದ್ರಾ ಅಂತ ಕೇಳಿದರೆ ಮಾತ್ರ, ಸೊಪ್ಪಿನ ಬೆಟ್ಟಕ್ಕೆ ದರಕು (ಒಣಗಿದ ಎಲೆ) ತರಲು ಹೋಗಿದ್ದು. ಉಣುಗು (ಉಣ್ಣೆ) ಕಚ್ಚಿತ್ತಾ, ಮಂಗ ಸತ್ತದ್ದು ಕಂಡಿತ್ತಾ ಅಂತ ಬಿಡಿಸಿ ಕೇಳಿದರೆ ಮಾತ್ರ, ಹೌದು. ಬೇರೆ ಮಾತ್ರೆ ತಗೊಂಡಿದ್ದೀರಾ ಅಂದರೆ, ಪಕ್ಕದ ಮನೆಯವರು ಕೊಟ್ಟ ನೋವಿನ ಮಾತ್ರೆ ನಿನ್ನೆ ಎರಡು. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬಂದದ್ದನ್ನು ‘ಎಲ್ಲಾದರೂ ರಕ್ತ ಬಂತಾ’ ಅಂತ ಕೇಳಿದರೆ ಮಾತ್ರ ಹೇಳಬೇಕು. ಆಸ್ಪತ್ರೆಗೆ ಹೋಗಿ ಅಂದರೆ ಒಂದು ಸಲ ತಡೆಯಬೇಕು: ‘ನಾಳೆ ಕೊನೆ ಕೊಯ್ಲಿದ್ದು, ಆಳು ಬರ್ತ್ರು, ಪುರ್ಸೊತ್ತಿಲ್ಲೆ.’ ವಿದ್ಯಾರ್ಥಿ ಹೆದರಿಸಿದರೆ ಸಿಟ್ಟು ಮಾಡಬೇಕು. ಕಾರಣ ಹೇಳಿ, ಸಮಾಧಾನದಿಂದ ಮತ್ತೊಮ್ಮೆ ಹೇಳಿದರೆ ಒಪ್ಪಬೇಕು.

ಈ ಕಾರ್ಡಿನ ಹಿಂದಿರುವುದು ಮಂಗನ ಕಾಯಿಲೆ, ಅದು ನಮ್ಮ ಮನೆಬಾಗಿಲಿನದು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನಕ್ಕೂ ಜ್ವರ ಬಂದು ಗೊತ್ತಾದದ್ದು. ಹಾಗಾಗಿ ಬೇಸಿಗೆಯ ಮೊದಲಿನ ಈ ತಿಂಗಳುಗಳಲ್ಲಿ ಕಾಡಿಗೆ ಹೋದವರ ಜ್ವರಕ್ಕೆ ನೋವಿನ ಮಾತ್ರೆ ಕಟ್ಟಿಕೊಟ್ಟು ಕಳಿಸುವುದು ಎಷ್ಟು ಅಪಾಯ ಅನ್ನುವುದು ನಮ್ಮ ಹುಡುಗರಿಗೆ ಬೇರೆ ಊರಿನವರಿಗಿಂತ ಚೆನ್ನಾಗಿ ಗೊತ್ತಿರಬೇಕು. ಕಾರ್ಡಿನ ಹಿಂಬದಿ, ನಮಗೆ ಮಾತ್ರ ಕಾಣುವ ಹಾಗೆ, ಏನು ಆಗಲೇಬೇಕು ಅಂತ ಬರೆದಿರುತ್ತೇನೆ: ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಯಾವುದೂ ಬೇಡ, ಅವು ರಕ್ತಸ್ರಾವ ಹೆಚ್ಚಿಸಬಹುದು. ಕೊಡುವುದಾದರೆ ಪ್ಯಾರಾಸಿಟಮಾಲ್, ದಿನಕ್ಕೆ 4 ಗ್ರಾಂ ದಾಟಬಾರದು ಅನ್ನುವ ಲೆಕ್ಕವನ್ನು ಮಾತ್ರೆಯ ಸಂಖ್ಯೆಯಲ್ಲಿ ಹೇಳಬೇಕು. ಇವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು.

ಕಾರ್ಡಿನ ಜೀವ ಇರುವುದು ‘ಕೇಳಿದರೆ ಮಾತ್ರ’ ಅನ್ನುವಲ್ಲಿ. ಪಾತ್ರಧಾರಿ ತಾನಾಗಿ ಎಲ್ಲ ಹೇಳಿಬಿಟ್ಟರೆ ವಿದ್ಯಾರ್ಥಿ ಏನನ್ನೂ ಕಲಿಯುವುದಿಲ್ಲ. ಬಚ್ಚಿಟ್ಟ ವಿಷಯ ನಾಲ್ಕೈದು ಸಾಕು, ಹತ್ತು ಇಟ್ಟರೆ ಅದು ಒಗಟು ಬಿಡಿಸುವ ಆಟ ಆಗುತ್ತದೆ.

ಕರಾವಳಿಗೆ ಬೇರೆ ಕಾರ್ಡು. ಕುಮಟಾ ಕಡೆಯ ಗದ್ದೆಯಲ್ಲಿ ಕೆಲಸ ಮಾಡುವ ಹೆಂಗಸು, ಇಲಿ ಜ್ವರ ಬಾರದಿರಲಿ ಅಂತ ಡಾಕ್ಟರು ಡಾಕ್ಸಿಸೈಕ್ಲಿನ್ ಬರೆದಿದ್ದಾರೆ. ಈ ಮಾತ್ರೆ ನುಂಗಿ ಕೂಡಲೇ ಮಲಗಿದರೆ ಅನ್ನನಾಳಕ್ಕೆ ಅಂಟಿ ಹುಣ್ಣು ಮಾಡಬಹುದು, ಲೋಟ ತುಂಬ ನೀರು ಕುಡಿದು ಅರ್ಧ ಗಂಟೆಯಾದರೂ ಕೂತಿರಬೇಕು. ಅಷ್ಟನ್ನು ಹೆಚ್ಚಿನ ಮಕ್ಕಳು ಹೇಳುತ್ತಾರೆ. ಆಮೇಲೆ ಆಕೆ ಹೊರಡುವಾಗ ಸಣ್ಣ ದನಿಯಲ್ಲಿ, ‘ಸೊಸೆನೂ ಗದ್ದೆಗೆ ಇಳೀತಾಳೆ, ಅವಳಿಗೂ ಇದರಲ್ಲೇ ಎರಡು ಕೊಟ್ರಾಯ್ತು’ ಅನ್ನುತ್ತಾಳೆ. ಸೊಸೆ ಬಸುರಿ. ಕಿವಿ ಕೊಟ್ಟವರು ಅಲ್ಲಿ ನಿಲ್ಲಿಸಿ ಕೇಳುತ್ತಾರೆ, ಉಳಿದವರು ‘ಸರಿ ಅಮ್ಮ’ ಅಂದುಬಿಡುತ್ತಾರೆ.

ಕಾರವಾರಕ್ಕೆ ಇನ್ಸುಲಿನ್ ತಗೊಳ್ಳುವ ಮೀನುಗಾರ. ಮೂರು ದಿನ ಬೋಟಿನಲ್ಲಿ ಇರುತ್ತಾನೆ. ‘ತಂಪಿನಲ್ಲಿಡಿ’ ಅಂತ ಮಾತ್ರ ಹೇಳಿದರೆ ಮೀನಿನ ಮಂಜುಗಡ್ಡೆಯೊಳಗೇ ಹೂತಿಡುತ್ತಾನೆ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ. ಇವನ ಮಾತಿನಲ್ಲಿ ಅರ್ಧಕ್ಕರ್ಧ ಕೊಂಕಣಿ ಸೇರಿಸಿ. ಅರ್ಥವಾಗದ್ದನ್ನು ಅರ್ಥವಾಗಿಲ್ಲ ಅಂತ ಹೇಳಿ ಮತ್ತೆ ಕೇಳುವ ಧೈರ್ಯ ಘಟ್ಟದ ಮೇಲಿನ ಹುಡುಗರಿಗೆ ಇದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ.

ನಿಜವಾದ ರೋಗಿಯ ಚೀಟಿಯನ್ನು ಮಾತ್ರ ಯಾವತ್ತೂ ಬಳಸಬೇಡಿ. ಹೆಸರು ಅಳಿಸಿದರೂ ಸಣ್ಣ ಊರಿನಲ್ಲಿ ಯಾರದು ಅಂತ ತಿಳಿದುಹೋಗುತ್ತದೆ. ಚೀಟಿ ನೀವೇ ಬರೆಯಿರಿ.

ನಡೆಸುವುದು

ಮೊದಲೆರಡು ಸಲ ಬರೀ ಫೋನ್ ಕರೆ, ವಿಡಿಯೊ ಬೇಡ. ಮುಖ ಕಾಣದಿದ್ದಾಗ ಮಾತು ಬಿಡಿಸಿ ಹೇಳಲೇಬೇಕಾಗುತ್ತದೆ, ‘ಇದನ್ನ ಹೀಗೆ ಮಾಡಿ’ ಅಂತ ಕೈ ತೋರಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ನೆಟ್‌ವರ್ಕ್ ಕಮ್ಮಿ ಇರುವ ಊರಿನ ಮಕ್ಕಳಿಗೂ ಇದೇ ಅನುಕೂಲ. ಆಮೇಲೆ ಗೂಗಲ್ ಮೀಟ್. ಅದರಲ್ಲಿ ಮೂರೇ ಜನ: ವಿದ್ಯಾರ್ಥಿ, ಗಿರಾಕಿ, ಕ್ಯಾಮೆರಾ ಮೈಕು ಎರಡೂ ಮುಚ್ಚಿಕೊಂಡ ನೀವು. ಇಡೀ ಕ್ಲಾಸು ನೋಡುತ್ತಾ ಕೂತರೆ ಹುಡುಗರು ಕ್ಲಾಸಿಗೆ ನಾಟಕ ಮಾಡುತ್ತಾರೆ, ಗಿರಾಕಿಯನ್ನು ಮರೆಯುತ್ತಾರೆ.

ಚೀಟಿಯ ಫೋಟೊ ವಾಟ್ಸಾಪಿನಲ್ಲಿ ಕಳಿಸಿ ಓದಲು 2 ನಿಮಿಷ ಕೊಡಿ, ಮಾತಿಗೆ 7 ನಿಮಿಷ. ಪುಸ್ತಕ ಎದುರಿಗಿದ್ದರೆ ಇರಲಿ, ಅಂಗಡಿಯಲ್ಲೂ ತೆರೆದು ನೋಡುವುದು ಒಳ್ಳೆ ಅಭ್ಯಾಸವೇ. ರೆಕಾರ್ಡ್ ಮಾಡುವುದಿದ್ದರೆ ಇಬ್ಬರ ಒಪ್ಪಿಗೆಯನ್ನೂ ಮೊದಲೇ ಕೇಳಿ, ಕೆಲಸ ಮುಗಿದ ಮೇಲೆ ಅಳಿಸಿ.

ಇನ್ಹೇಲರ್ ಕಲಿಸುವಾಗ ವಿಡಿಯೊ ಬೇಕೇ ಬೇಕು, ಫೋನನ್ನು ಎದುರಿಗೆ ಇಡದೆ ಪಕ್ಕಕ್ಕೆ ಇಡಿಸಿ. ಬಾಯಿ, ಕೈ ಎರಡೂ ಕಾಣಬೇಕು. ರೋಟಾಹೇಲರ್ ಆದರೆ ಕ್ಯಾಪ್ಸೂಲಿನ ಪಾರದರ್ಶಕ ತುದಿ ಮೊದಲು ಒಳಗೆ ಹೋಯಿತಾ, ಬುಡ ಪೂರ್ತಿ ತಿರುಗಿತಾ, ಉಸಿರು ಹೊರಗೆ ಬಿಟ್ಟ ಮೇಲೆ ಬಾಯಿಗಿಟ್ಟರಾ, ಜೋರಾಗಿ ಆಳವಾಗಿ ಎಳೆದರಾ, ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿದರಾ. ಒತ್ತುವ ಸ್ಪ್ರೇ ಇನ್ಹೇಲರಿಗೆ ಎಳೆಯುವ ರೀತಿ ಇದರ ತಿರುಗು ಮುರುಗು, ಅಲ್ಲಿ ನಿಧಾನವಾಗಿ ಎಳೆಯಬೇಕು. ಮಕ್ಕಳು ಇವೆರಡನ್ನು ಸದಾ ಅದಲುಬದಲು ಮಾಡುತ್ತಾರೆ. ಸ್ಟೆರಾಯ್ಡ್ ಇದ್ದರೆ ಆಮೇಲೆ ಬಾಯಿ ಮುಕ್ಕಳಿಸಬೇಕು. ನಮ್ಮ ಮಳೆಗಾಲದ ಥಂಡಿಗೆ ಕ್ಯಾಪ್ಸೂಲ್ ಮೆತ್ತಗಾಗುತ್ತದೆ, ಡಬ್ಬಿ ಮುಚ್ಚಳ ಬಿಗಿ ಮಾಡಿ ಅಂತ ಹೇಳಿದವರನ್ನು ಕಂಡರೆ ನನಗೆ ಬಹಳ ಖುಷಿ, ಅದು ಪುಸ್ತಕದಿಂದ ಬಂದದ್ದಲ್ಲ, ನಮ್ಮ ಊರನ್ನು ನೋಡಿ ಬಂದದ್ದು.

ಅಂಕ

ಇಲ್ಲಿ ನಾನು ಹಟ ಹಿಡಿಯುತ್ತೇನೆ. ಸಾಮಾನ್ಯವಾಗಿ ಪರೀಕ್ಷಕರ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ: ನಮಸ್ಕಾರ ಹೇಳಿದರಾ, ಅಲರ್ಜಿ ಕೇಳಿದರಾ, ಅಡ್ಡ ಪರಿಣಾಮ ಹೇಳಿದರಾ. ಪ್ರತಿಯೊಂದಕ್ಕೂ ಒಂದು ಗುರುತು. ಮಕ್ಕಳಿಗೆ ಇದು ಬೇಗ ಗೊತ್ತಾಗುತ್ತದೆ. ‘ನಿಮಗೆ ಬಿಪಿ ಶುಗರ್ ಇದೆಯಾ ಅಲರ್ಜಿ ಇದೆಯಾ ಬೇರೆ ಔಷಧಿ ತಗೊಳ್ತೀರಾ’ ಅಂತ ಒಂದೇ ಉಸಿರಿಗೆ ಹೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಾರೆ. ಪಟ್ಟಿಯಲ್ಲಿ ಮೂರು ಅಂಕ ಬಂತು. ಆದರೆ ಗಿರಾಕಿ ಬಾಯಿ ತೆರೆಯಲೇ ಇಲ್ಲ.

ಹಾಗಾಗಿ ನನ್ನ 20 ಅಂಕದಲ್ಲಿ 8 ಅಂಕ ಇರುವುದು ಗಿರಾಕಿಯ ಹತ್ತಿರ. ಮಾತು ಮುಗಿದು ವಿದ್ಯಾರ್ಥಿ ಹೋದ ಮೇಲೆ ನಾನು ಮೈಕು ತೆರೆದು ಗಿರಾಕಿಗೆ ಪ್ರಶ್ನೆ ಕೇಳುತ್ತೇನೆ. ಈಗ ಮನೆಗೆ ಹೋಗಿ ಇದನ್ನು ಹೇಗೆ ತಗೊಳ್ತೀರಿ? ಎಷ್ಟು ದಿನ? ಏನಾದರೆ ಡಾಕ್ಟರ ಹತ್ತಿರ ಓಡ್ತೀರಿ? ಈ ಔಷಧಿ ಯಾಕೆ ಅನ್ನುವುದನ್ನೂ ಒಂದು ಮಾತಿನಲ್ಲಿ ಹೇಳಿಸುತ್ತೇನೆ. ಪಾತ್ರಧಾರಿ ತನಗೆ ಮೊದಲೇ ಗೊತ್ತಿದ್ದದ್ದನ್ನು ಪಕ್ಕಕ್ಕಿಟ್ಟು, ವಿದ್ಯಾರ್ಥಿ ಹೇಳಿದ್ದರಿಂದ ತಿಳಿದದ್ದನ್ನು ಮಾತ್ರ ಹೇಳಬೇಕು. ಇದು ಸುಲಭ ಅಲ್ಲ, ಎರಡು ಮೂರು ಸಲ ಅಭ್ಯಾಸ ಮಾಡಿಸಬೇಕಾಗುತ್ತದೆ. ಫಾರ್ಮಸಿ ಓದಿದವರಿಗಿಂತ ಓದದವರೇ ಇದಕ್ಕೆ ಒಳ್ಳೆಯವರು.

ಉಳಿದದ್ದರಲ್ಲಿ ಕೇಳಿ ತಿಳಿದುಕೊಂಡದ್ದಕ್ಕೆ 6, ಅದೂ ಉತ್ತರಕ್ಕೆ ಕಾದು, ಆ ಉತ್ತರವನ್ನು ಮುಂದೆ ಬಳಸಿದರೆ ಮಾತ್ರ. ನಡೆನುಡಿಗೆ 4. ಹೇಳಿದ್ದನ್ನು ಗಿರಾಕಿಯ ಬಾಯಲ್ಲೇ ಮತ್ತೆ ಹೇಳಿಸಿ ಮುಗಿಸಿದರೆ 2. ಇದರ ಹೊರಗೆ, ಪ್ರತಿ ಕಾರ್ಡಿನಲ್ಲೂ ಒಂದೇ ಒಂದು ‘ಇದಾದರೆ ಫೇಲ್’ ಇರುತ್ತದೆ. ಜ್ವರದ ಕಾರ್ಡಿನಲ್ಲಿ ನೋವಿನ ಮಾತ್ರೆ ಕೊಟ್ಟರೆ ಬೇರೆ ಎಷ್ಟು ಚೆಂದ ಮಾತಾಡಿದ್ದರೂ ಮತ್ತೆ ಕೂರಬೇಕು. ಅದನ್ನು ಮೊದಲ ದಿನವೇ ಹೇಳಿಬಿಡಿ.

ಒಬ್ಬರೇ ಅಂಕ ಹಾಕಬೇಡಿ. ಪರೀಕ್ಷೆಗೆ ಮುಂಚೆ ಹಳೆಯ ಎರಡು ರೆಕಾರ್ಡಿಂಗನ್ನು ಇಬ್ಬರು ಮೇಷ್ಟ್ರುಗಳು ಬೇರೆ ಬೇರೆ ಕೂತು ನೋಡಿ ಅಂಕ ಹಾಕಿ, ಆಮೇಲೆ ತಾಳೆ ನೋಡಿ. ನಾನು 15 ಹಾಕಿದ್ದಕ್ಕೆ ಜೊತೆಯವರು 9 ಹಾಕಿದ್ದುಂಟು. ಯಾಕೆ ಅಂತ ಮಾತಾಡಿದಾಗ ತಿಳಿಯಿತು, ಹುಡುಗಿ ಮೆತ್ತಗೆ ನಿಧಾನವಾಗಿ ಮಾತಾಡಿದ್ದನ್ನು ನಾನು ಸಮಾಧಾನ ಅಂದುಕೊಂಡಿದ್ದೆ, ಅವರು ಹಿಂಜರಿಕೆ ಅಂದುಕೊಂಡಿದ್ದರು. ಗಿರಾಕಿಯನ್ನೇ ಕೇಳಿ ತೀರ್ಮಾನ ಮಾಡಿದೆವು.

ನೆಟ್‌ವರ್ಕ್ ಹೋದರೆ ಸಮಯ ನಿಲ್ಲಿಸಿ, ಬಿಟ್ಟಲ್ಲಿಂದ ಮತ್ತೆ ಶುರು. ಎರಡು ಸಲ ಹೋದರೆ ಮಾಮೂಲಿ ಫೋನಿಗೆ ಬದಲಾಯಿಸಿ, ಅಂಕ ಕಡಿಯಬೇಡಿ. ಮನೆ ತುಂಬ ಜನ ಇರುವ ಮಕ್ಕಳು ಕೊಟ್ಟಿಗೆಯಲ್ಲೋ ಪಕ್ಕದ ಮನೆಯ ಜಗುಲಿಯಲ್ಲೋ ಕೂತು ಮಾತಾಡಲಿ, ಹಿಂದೆ ದನ ಕೂಗಿದರೆ ಏನೂ ಆಗುವುದಿಲ್ಲ. ಕಾರ್ಡಿನ ಗುಟ್ಟು ಹತ್ತು ನಿಮಿಷದಲ್ಲಿ ವಾಟ್ಸಾಪಿನಲ್ಲಿ ಹರಿದಾಡುತ್ತದೆ, ಅದನ್ನು ತಡೆಯಲು ಹೋಗದೆ ಒಂದೇ ಕಾರ್ಡಿಗೆ ಬಚ್ಚಿಟ್ಟ ವಿಷಯ ಬದಲಾದ ಮೂರು ರೂಪ ಮಾಡಿಟ್ಟುಕೊಳ್ಳಿ. ಕಾಡಿನ ಜ್ವರ ಅಂತ ಬಂದವನು ಇನ್ನೊಂದು ರೂಪದಲ್ಲಿ ಕಾಡಿಗೇ ಹೋಗಿರುವುದಿಲ್ಲ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿರುತ್ತಾನೆ.

ಇದರಲ್ಲಿ ಅಳೆಯಲು ಆಗದ್ದೂ ಇದೆ. ಸ್ಟ್ರಿಪ್ಪಿನ ಹಿಂದಿನ ತಾರೀಖು ನೋಡುವುದು, ಒಂದೇ ತರಹದ ಹೆಸರಿನ ಎರಡು ಡಬ್ಬಿಯಲ್ಲಿ ಸರಿಯಾದದ್ದನ್ನು ಎತ್ತುವುದು, ಲೆಕ್ಕ ಇಡಲೇಬೇಕಾದ ಎಚ್1 ಪಟ್ಟಿಯ ಔಷಧಿಯನ್ನು ರಿಜಿಸ್ಟರಿನಲ್ಲಿ ಬರೆಯುವುದು, ಐದು ಜನ ನೂಕುತ್ತಿರುವಾಗ ಒಬ್ಬರಿಗೆ ಸಮಾಧಾನದಿಂದ ಹೇಳುವುದು. ಇವಕ್ಕೆಲ್ಲ ಮಕ್ಕಳನ್ನು ಕರೆಸಿ ಎದುರಿಗೇ ನೋಡಬೇಕು.

ಮುಗಿದ ಮೇಲಿನ ಹತ್ತು ನಿಮಿಷ

ಕಲಿಕೆ ಆಗುವುದು ಇಲ್ಲೇ. ಮೊದಲು ವಿದ್ಯಾರ್ಥಿ ಮಾತಾಡಲಿ, ಆಮೇಲೆ ಗಿರಾಕಿ, ಕೊನೆಗೆ ನೀವು. ಗಿರಾಕಿ ಪಾತ್ರದಲ್ಲೇ ಇದ್ದು ಹೇಳಬೇಕು. ‘ನೀನು ತಪ್ಪು ಮಾಡಿದೆ’ ಅಂತ ಅಲ್ಲ, ‘ನೀನು ಹಾಗೆ ಅಂದಾಗ ನನಗೆ ಮಾತಾಡಬೇಕು ಅನ್ನಿಸಲಿಲ್ಲ’ ಅಂತ. ಆಮೇಲೆ ತಪ್ಪಿದ ಜಾಗದ ಒಂದು ನಿಮಿಷವನ್ನು ಅಲ್ಲೇ, ಆಗಲೇ ಮತ್ತೆ ಮಾಡಿಸಿ. ಇಡೀ ಏಳು ನಿಮಿಷ ಬೇಡ.

ಯಲ್ಲಾಪುರ ಕಡೆಯ ಒಬ್ಬ ಹುಡುಗಿ, ಓದಿನಲ್ಲಿ ಮುಂದೆ. ರೋಟಾಹೇಲರಿನ ಪ್ರತಿ ಹಂತವನ್ನೂ ಕ್ರಮ ತಪ್ಪದೆ ಹೇಳಿದಳು, ‘ನಿಶ್ವಾಸ ಮಾಡಿ, ನಂತರ ದೀರ್ಘವಾಗಿ ಉಚ್ಛ್ವಾಸ ಮಾಡಿ’ ಅಂತ. ಗಿರಾಕಿ ಪಾತ್ರದಲ್ಲಿದ್ದ ಹೆಂಗಸು ‘ಹ್ಞಾಂ, ಹ್ಞಾಂ’ ಅಂದರು. ಆಮೇಲೆ ನಾನು ಹೇಗೆ ತಗೊಳ್ತೀರಿ ಅಂತ ಕೇಳಿದರೆ, ‘ಯಂತ್ರದಲ್ಲಿ ಒಂದ್ಸಲ ತಿರುಗಿಸಿ, ಆಮೇಲೆ ನೀರು ಕುಡೀತೆ’ ಅಂದರು. ಆ ಉತ್ತರವನ್ನು ಹುಡುಗಿಗೆ ಕೇಳಿಸಿದಾಗ ಅವಳು ತುಂಬ ಹೊತ್ತು ಸುಮ್ಮನಿದ್ದಳು. ಎರಡನೇ ಸಲ ಅವಳ ಮೊದಲ ವಾಕ್ಯವೇ ಹೀಗಿತ್ತು: ‘ಅಮ್ಮ, ಇದು ನುಂಗೋ ಮಾತ್ರೆ ಅಲ್ಲ. ಇದರೊಳಗಿನ ಪುಡೀನ ಉಸಿರಲ್ಲಿ ಎಳ್ಕೊಳ್ಳೋದು. ನಿಮ್ಮ ಹತ್ರ ಆ ಸಾಧನ ಇದ್ಯಾ? ಕೈಯಲ್ಲಿ ತಗೊಳ್ಳಿ, ಒಟ್ಟಿಗೇ ಮಾಡೋಣ.’

ಪಾತ್ರಧಾರಿಗಳನ್ನು ಹುಡುಕಲು ದೂರ ಹೋಗಬೇಡಿ. ಹವ್ಯಾಸಿ ಯಕ್ಷಗಾನದವರು, ನಿವೃತ್ತ ಶಾಲಾ ಮೇಷ್ಟ್ರುಗಳು, ಮೇಲಿನ ತರಗತಿಯ ಮಕ್ಕಳ ಅಪ್ಪ ಅಮ್ಮಂದಿರು. ಒಂದು ದಿನಕ್ಕೆ ನಾಲ್ಕು ಕರೆಗಿಂತ ಜಾಸ್ತಿ ಬೇಡ, ಐದನೆಯವರಿಗೆ ದನಿಯಲ್ಲೇ ಸುಸ್ತು ಕೇಳುತ್ತದೆ, ಆ ವಿದ್ಯಾರ್ಥಿಗೆ ಅನ್ಯಾಯ. ಸಂಭಾವನೆ ಸಣ್ಣದಾದರೂ ಕೊಡಿ.

ಇನ್ಹೇಲರ್ ಕಾರ್ಡಿಗೆ ಈಗ ನಮ್ಮ ದೊಡ್ಡಾಯಿಯೇ ಕೂರುತ್ತಾರೆ. ಹಿತ್ತಲಕಡೆ ಮೆಟ್ಟಿಲ ಮೇಲೆ ಮಾತ್ರ ನೆಟ್‌ವರ್ಕ್ ಸಿಗುವುದು, ಅಲ್ಲೇ ಒಂದು ಮಣೆ ಹಾಕಿಕೊಂಡು, ಮಧ್ಯಾಹ್ನದ ಊಟದ ಕೆಲಸ ಮುಗಿದ ಮೇಲೆ ಮೂರು ಗಂಟೆಗೆ. ಅವರ ಕಾರ್ಡಿನಲ್ಲಿ ಮೊದಲ ಮಾತು ಮಾತ್ರ ಬರೆದಿದ್ದೇನೆ, ಉಳಿದದ್ದು ಅವರಿಗೆ ಗೊತ್ತು: ‘ತಂಗೀ, ಈ ಮಾತ್ರೆ ಊಟಕ್ಕೆ ಮೊದಲಾ, ಆಮೇಲಾ?’